ಹೊಲದ ಮನೆಗೆ ಯಾವ ಬಂದೂಕು?

ಪ್ರಶ್ನೆ: ಮುದ್ದೇಬಿಹಾಳ–ತಾಳಿಕೋಟೆ ರಸ್ತೆಯಿಂದ ಒಳಗೆ, ಹೊಲದಾಗ ನಮ್ಮ ಮನೆ. ಹತ್ತಿರದಲ್ಲಿ ಬೇರೆ ಮನೆಗಳಿಲ್ಲ. ರಾತ್ರಿ ಕಳ್ಳರ ಭಯ. ವಯಸ್ಸಾದ ತಾಯಿ, ಹೆಂಡತಿ, ಇಬ್ಬರು ಸಣ್ಣ ಮಕ್ಕಳಿದ್ದಾರೆ. ರಿವಾಲ್ವರ್ ತೆಗೆದುಕೊಳ್ಳುವುದು ಚಲೋನೋ, ಬಂದೂಕೋ?

ಉತ್ತರ: ಈ ಎರಡರಲ್ಲೇ ಆರಿಸಬೇಕೆಂದರೆ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು. ಕಾನೂನೂ ಅದರ ಕಡೆಗೇ ಇದೆ. ಆತ್ಮರಕ್ಷಣೆಗೆಂದು ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ಚರೆ ಬಂದೂಕು ಕೇಳಿದವರಿಗೆ, ನಿರಾಕರಿಸುವ ಕಾರಣವಿಲ್ಲದಿದ್ದರೆ ಲೈಸೆನ್ಸ್ ಕೊಡಬೇಕು ಎನ್ನುತ್ತದೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ. ರಿವಾಲ್ವರ್ ಬೇಕಾದರೆ ಅದೇ ಯಾಕೆ ಬೇಕೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಅದಲ್ಲದೆ ನಿದ್ದೆಗಣ್ಣಿನಲ್ಲಿ, ನಡುಗುವ ಕೈಯಲ್ಲಿ, ಗಿಡ್ಡ ನಳಿಗೆಯ ರಿವಾಲ್ವರ್ ಗುರಿ ತಪ್ಪುವುದೇ ಹೆಚ್ಚು. .315 ರೈಫಲ್ ಅಂತೂ ಬೇಡವೇ ಬೇಡ. ಅದರ ಗುಂಡು ಕಿಲೋಮೀಟರ್ ಆಚೆಗೂ ಜೀವ ತೆಗೆಯುತ್ತದೆ.

ಚರೆ ಬಂದೂಕಿನ ಬಗ್ಗೆ ಒಂದು ತಪ್ಪು ನಂಬಿಕೆಯಿದೆ: ಗುರಿ ಹಿಡಿಯದಿದ್ದರೂ ಚರೆ ಹರಡಿ ತಾಗುತ್ತದೆ ಎಂದು. ಪಡಸಾಲೆಯ ಅಳತೆಯಲ್ಲಿ ಚರೆ ಹರಡುವುದು ಅಂಗೈ ಅಗಲ, ಅಷ್ಟೇ. ಗುರಿ ಹಿಡಿಯಲೇಬೇಕು. ನಿಮ್ಮದು ಕಲ್ಲಿನ ಗೋಡೆಯ ಮನೆಯಾಗಿದ್ದರೆ, ತಪ್ಪಿದ ಚರೆ ಗೋಡೆಗೆ ಬಡಿದು ಪುಟಿದು ಮನೆಯವರಿಗೇ ತಾಗಬಹುದು.

ನನ್ನನ್ನು ನಿಜವಾಗಿ ಕಾಡುವ ಮಾತು ಬೇರೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರೈತ ರಾತ್ರಿಯೇ ನೀರು ಹಾಯಿಸಬೇಕು. ನಿಮ್ಮ ಬದುವಿನ ಮೇಲೆ ಕತ್ತಲಲ್ಲಿ ನಡೆದುಬರುವವನು ಪಕ್ಕದ ಹೊಲದವನಿರಬಹುದು, ಮೋಟಾರು ಚಾಲೂ ಮಾಡಲು ಹೊರಟ ನಿಮ್ಮ ಆಳುಮಗನೇ ಇರಬಹುದು. ಮುಖ ಕಾಣದೆ ಕುದುರೆ ಎಳೆದರೆ ಆಮೇಲೆ ಯಾವ ಕಲಮೂ ನಿಮಗೆ ನೆಮ್ಮದಿ ಕೊಡುವುದಿಲ್ಲ. ಆದ್ದರಿಂದ ಬಂದೂಕಿಗೆ ಮೊದಲು ಅಂಗಳಕ್ಕೆ ಜೋರಾದ ಲೈಟು, ಕರೆಂಟು ಹೋದಾಗ ಕೈಗೆ ಸಿಗುವಂಥ ಒಳ್ಳೆಯ ಬ್ಯಾಟರಿ.

ಇನ್ನು ಮಕ್ಕಳು. ಬಂದೂಕು ಖಾಲಿಯಾಗಿ ಕಬ್ಬಿಣದ ಕಪಾಟಿನಲ್ಲಿರಬೇಕು, ಕಾಡತೂಸು ಬೇರೆ ಕಡೆ, ಎರಡಕ್ಕೂ ಬೇರೆ ಬೇರೆ ಕೀಲಿ. ದಿಂಬಿನ ಕೆಳಗೆ ತುಂಬಿದ ಆಯುಧ ಇಟ್ಟು ಮಲಗುವ ಮನೆಯಲ್ಲಿ ಕಳ್ಳನಿಗಿಂತ ಮೊದಲು ಅದಕ್ಕೆ ಕೈ ಹಾಕುವುದು ಮಗು. ಹೀಗೆ ಕೀಲಿ ಹಾಕಿಟ್ಟ ಬಂದೂಕನ್ನು ತೆಗೆದು ತುಂಬಲು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ನಿಮಗೆ ಗಳಿಸಿಕೊಡುವುದು ಗಟ್ಟಿ ಬಾಗಿಲು, ಒಳಗಿನ ಅಗುಳಿ, ಬೊಗಳುವ ನಾಯಿ. ಅಷ್ಟರಲ್ಲಿ 112ಕ್ಕೆ ಫೋನೂ ಆಗಬೇಕು.

ಕತ್ತಲಾದ ಮೇಲೆ ಮನೆ ಮುರಿದು ನುಗ್ಗುವವರ ಎದುರು ಪ್ರಾಣ ಹೋಗುವಷ್ಟು ಬಲ ಬಳಸುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ ಕೊಟ್ಟಿದೆ. ಆದರೆ ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚು ಹಾನಿ ಮಾಡಕೂಡದೆಂದು 37ನೇ ಕಲಂ ಕಟ್ಟುಹಾಕಿದೆ. ಗೋಡೆ ಹಾರಿ ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆಯಲ್ಲ.

ಲೈಸೆನ್ಸ್ ಕೊಡುವವರು ವಿಜಯಪುರದ ಜಿಲ್ಲಾಧಿಕಾರಿ. ಪೊಲೀಸ್ ವಿಚಾರಣೆ, ವೈದ್ಯರ ಪ್ರಮಾಣಪತ್ರ, ಸುರಕ್ಷಿತ ಬಳಕೆಯ ತರಬೇತಿ ಎಲ್ಲ ಆಗಬೇಕು. 2019ರ ತಿದ್ದುಪಡಿಯ ನಂತರ ಅವಧಿ ಐದು ವರ್ಷ. ಇದೆಲ್ಲ ತಡವಾಗುತ್ತದೆಂದು ಯಾರಾದರೂ ಕಂಟ್ರಿ ಪಿಸ್ತೂಲ್ ಕೊಡಿಸುತ್ತೇನೆಂದರೆ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಇಂಡಿ, ಸಿಂದಗಿ ಕಡೆ ಭೀಮಾ ತೀರದ ಹೆಸರು ಕೆಡಿಸಿದ್ದೇ ಆ ಮಾಲು. ಹೊಡೆದವನ ಕೈಯಲ್ಲೇ ಅದು ಸಿಡಿಯಬಹುದು; ಲೈಸೆನ್ಸಿಲ್ಲದೆ ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಜೈಲು.

ನಮ್ಮ ಸೀಮೆಯವರಿಗೆ ಆಯುಧದ ಮೇಲಿನ ಅಭಿಮಾನ ಹೊಸದಲ್ಲ. ಹತಾರ ಒಪ್ಪಿಸಿರೆಂಬ ಬ್ರಿಟಿಷರ ಹುಕುಮಿಗೆ 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿಬಿದ್ದು ಪ್ರಾಣ ಕೊಟ್ಟರು. ಅವರಿಗೆ ಅದು ಬದುಕು, ಮಾನ ಎರಡೂ ಆಗಿತ್ತು. ನಿಮಗೆ ಬೇಕಾದದ್ದು ತಾಯಿ, ಮಕ್ಕಳ ಸುರಕ್ಷತೆ. ಅದನ್ನೇ ಅಳತೆಯಾಗಿಟ್ಟುಕೊಂಡು ಲೆಕ್ಕ ಹಾಕಿ.

ಆ ಲೆಕ್ಕದಲ್ಲಿ ಇನ್ನೆರಡು ಸಂಗತಿ ಸೇರಿಸಿಕೊಳ್ಳಿ. ನೀವು ಸಂತೆಗೋ ಮದುವೆಗೋ ಊರು ಬಿಟ್ಟಾಗ, ಲೈಸೆನ್ಸಿನಲ್ಲಿ ಹೆಸರಿಲ್ಲದ ಹೆಂಡತಿ ಆ ಬಂದೂಕು ಬಳಸುವಂತಿಲ್ಲ. ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಅದನ್ನು ಠಾಣೆಯಲ್ಲಿ ಜಮಾ ಮಾಡಲು ಹೇಳುತ್ತಾರೆ. ಆ ದಿನಗಳಲ್ಲಿ ಮನೆ ಕಾಯುವುದು ಬಾಗಿಲು, ಬೆಳಕು, ನಾಯಿ. ಮೊದಲ ದುಡ್ಡು ಅವುಗಳಿಗೆ ಹಾಕಿ. ಆಮೇಲೂ ಬೇಕೆನಿಸಿದರೆ ಬಂದೂಕಿಗೆ ಅರ್ಜಿ ಕೊಡಿ.