ಜಾರು ಬಾಗಿಲು: ಜಪಾನಿ ಪದ್ಧತಿಯಿಂದ ನಮ್ಮ ಮನೆ-ಮಳಿಗೆಗಳಿಗೆ ಒಂದು ಪಾಠ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳ ಹಳೆಯ ಪೇಟೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಸಂಸಾರ ಎಂಬ ವ್ಯವಸ್ಥೆ ಇಂದಿಗೂ ಉಳಿದಿದೆ. ಇಂತಹ ಕಟ್ಟಡಗಳಲ್ಲಿ ಕೊರತೆಯಿರುವುದು ಸ್ಥಳಕ್ಕೆ. ಬಿಜಾಗರಿಯ ಮೇಲೆ ತಿರುಗುವ 3 ಅಡಿ ಅಗಲದ ಬಾಗಿಲೊಂದು ತನ್ನ ಓಡಾಟಕ್ಕೆಂದೇ ಸುಮಾರು 7 ಚದರ ಅಡಿ ನೆಲವನ್ನು ಕಾಯ್ದಿರಿಸುತ್ತದೆ. ಅಲ್ಲಿ ಒಂದು ಚೀಲವನ್ನೂ ಇಡುವಂತಿಲ್ಲ. ನಾಲ್ಕು ಬಾಗಿಲುಗಳಿದ್ದರೆ 28 ಚದರ ಅಡಿ. ತಮ್ಮ ಪೇಟೆಯ ಬಾಡಿಗೆ ದರದಿಂದ ಇದನ್ನು ಗುಣಿಸಿ ನೋಡಿದರೆ ವಿಷಯದ ಗಾಂಭೀರ್ಯ ತಿಳಿದೀತು.

ಜಪಾನೀಯರ ಸಾಂಪ್ರದಾಯಿಕ ಮನೆಗಳಲ್ಲಿ ಎರಡು ಬಗೆಯ ಜಾರು ಪರದೆಗಳಿವೆ. ಮರದ ಜಾಲರಿಗೆ ಬೆಳಕು ಹಾಯುವ ಕಾಗದವನ್ನು ಅಂಟಿಸಿದ್ದು ಶೋಜಿ. ಎರಡೂ ಬದಿಗೆ ದಪ್ಪ ಕಾಗದ ಹೊದಿಸಿ ಕೋಣೆಗಳನ್ನು ಬೇರ್ಪಡಿಸುವುದು ಫುಸುಮಾ. ಮೇಲಿನ ತೊಲೆಯ ತೋಡು ಆಳವಾಗಿದ್ದು, ಕೆಳಗಿನದು ಆಳವಿಲ್ಲದಿರುವುದರಿಂದ ಪರದೆಯನ್ನು ಮೇಲಕ್ಕೆತ್ತಿ ಹೊರತೆಗೆಯಬಹುದು. ಸಮಾರಂಭವಿದ್ದ ದಿನ ಎರಡು ಕೋಣೆಗಳು ಒಂದಾಗುತ್ತವೆ. ಬೆಳಕನ್ನು ಬಿಟ್ಟು ನೋಟವನ್ನು ತಡೆಯುವ ವಿಚಾರ ನಮಗೂ ಹೊಸದಲ್ಲ. ಗದುಗಿನ ತ್ರಿಕೂಟೇಶ್ವರ ದೇವಾಲಯದ ಕಲ್ಲಿನ ಜಾಲಂಧ್ರಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಯಾರಕರು ಗಮನಿಸಬೇಕಾದುದು ಅಳತೆಯನ್ನು. ಜಪಾನಿನ ಕೋಣೆಗಳನ್ನು ಟಾಟಾಮಿ ಚಾಪೆಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಚಾಪೆ ಸುಮಾರು 6 ಅಡಿ ಉದ್ದ, 3 ಅಡಿ ಅಗಲ. ಪ್ರಾಂತದಿಂದ ಪ್ರಾಂತಕ್ಕೆ ಸ್ವಲ್ಪ ವ್ಯತ್ಯಾಸವಿದೆ. ಪರದೆಗಳೂ ಈ ಲೆಕ್ಕಕ್ಕೆ ಹೊಂದಿಕೊಂಡವು. ನಮ್ಮಲ್ಲಿ ಮನೆ ಕಟ್ಟಿದ ಮೇಲೆ ಬಡಗಿಯನ್ನು ಕರೆದು ಅಳತೆ ಕೊಡುತ್ತೇವೆ. ಫಲವನ್ನು ಲೆಕ್ಕದಲ್ಲೇ ನೋಡಿ: 7 ಅಡಿ ಎತ್ತರ, 3 ಅಡಿ ಅಗಲದ ಪರದೆಗೆ 7×3ರ ಪ್ಲೈವುಡ್ ಹಾಳೆ ಪೂರ್ತಿ ಉಪಯೋಗವಾಗುತ್ತದೆ. ಅಗಲ 3 ಇಂಚು ಹೆಚ್ಚಾದರೆ 7×4ರ ಹಾಳೆ ಬೇಕು. 28 ಚದರ ಅಡಿಯಲ್ಲಿ 5.25 ಚದರ ಅಡಿ, ಅಂದರೆ ಸುಮಾರು ಶೇ. 19 ಭಾಗ ತುಂಡಾಗಿ ಉಳಿಯುತ್ತದೆ. ಎರಡು ಮೂರು ನಿಶ್ಚಿತ ಅಳತೆಗಳನ್ನು ಗೊತ್ತುಮಾಡಿ, ಕೆಲಸ ಕಡಿಮೆಯಿರುವ ತಿಂಗಳುಗಳಲ್ಲಿ ದಾಸ್ತಾನು ಮಾಡಿಕೊಳ್ಳುವ ಮರಗೆಲಸದ ಘಟಕಕ್ಕೆ ಇಲ್ಲಿ ಲಾಭವಿದೆ.

ಆದರೆ ಜಪಾನಿನದನ್ನು ಯಥಾವತ್ತಾಗಿ ತರಲಾಗದು. ಈ ಲೇಖಕನು ತನ್ನ ಕಚೇರಿಗೆ ನೆಲದಲ್ಲಿ ತೋಡು ತೆಗೆಸಿ ಜಾರು ಬಾಗಿಲು ಹಾಕಿಸಿದ್ದನು. ಎರಡನೆಯ ಬೇಸಿಗೆಯ ಗಾಳಿಗೆ ತೋಡಿನಲ್ಲಿ ಎರೆಮಣ್ಣಿನ ಧೂಳು ತುಂಬಿ ಬಾಗಿಲು ಅರ್ಧಕ್ಕೇ ನಿಂತಿತು. ಕಕ್ಷಿದಾರರು ಓರೆಯಾಗಿ ನುಸುಳಿ ಬರಬೇಕಾಯಿತು. ನಮ್ಮ ಸೀಮೆಗೆ ಮೇಲಿನ ಹಳಿಗೆ ತೂಗುಹಾಕುವ ಪದ್ಧತಿಯೇ ಸರಿ. ಮರ ಚೆನ್ನಾಗಿ ಒಣಗಿರಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ. ಕಾಗದದ ಬದಲಿಗೆ ಬೆಟಗೇರಿಯ ನೇಕಾರರ ತೆಳುವಾದ ಹತ್ತಿ ಬಟ್ಟೆಯನ್ನು ಜಾಲರಿಗೆ ಬಿಗಿದು ನೋಡಬಹುದು, ತೊಳೆಯಲೂ ಬರುತ್ತದೆ. ಶಬ್ದವನ್ನು ಈ ಪರದೆಗಳು ತಡೆಯಲಾರವು. ತಿಜೋರಿಯ ಕೋಣೆಗೆ ಇವು ಬೇಡ.

ಇನ್ನು ಲೆಕ್ಕಪತ್ರ. ವಾಸದ ಭಾಗಕ್ಕೆ ಹಾಕಿದ ಪರದೆ ಸ್ವಂತದ ಖರ್ಚು; ಅದರ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆಯಾಗಿ ಪಡೆಯುವಂತಿಲ್ಲ. ಮಳಿಗೆಯ ಭಾಗದಲ್ಲಿಯೂ ಎಚ್ಚರ ಬೇಕು. ಕಾಯಿದೆಯ 17(5)ನೆಯ ಕಲಮು ಸ್ಥಿರಾಸ್ತಿಯ ನಿರ್ಮಾಣಕ್ಕೆ ಬಳಸಿದ ಸರಕು-ಸೇವೆಗಳ ತೆರಿಗೆಯನ್ನು ಪಡೆಯಲು ಬಿಡುವುದಿಲ್ಲ. ಬಂಡವಾಳಕ್ಕೆ ಸೇರಿಸಿದ ಮಟ್ಟಿಗೆ ನವೀಕರಣವೂ ನಿರ್ಮಾಣವೇ. ಗಾರೆ ಹಾಕಿ ಗೋಡೆಗೆ ಕಟ್ಟಿದ್ದು ಈ ನಿರ್ಬಂಧಕ್ಕೆ ಒಳಪಡುತ್ತದೆ. ಹಾನಿಯಿಲ್ಲದೆ ಕಳಚಿ ಬೇರೆಡೆ ಒಯ್ಯಬಹುದಾದ ಪರದೆ ಚರಾಸ್ತಿಯೆಂದು ವಾದಿಸಲು ಆಧಾರವಿದೆ. ಆದ್ದರಿಂದ ಬಿಲ್ಲಿನಲ್ಲಿ ಪರದೆ, ಹಳಿ, ಕೂಲಿಗಳನ್ನು ಬೇರೆ ಬೇರೆಯಾಗಿ ಬರೆಸಿರಿ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಪ್ರಶ್ನೆಯೇ ಉದ್ಭವಿಸದು. ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದಾಗಿ ಕೊಟ್ಟ ಹಣವು ಆದಾಯ ತೆರಿಗೆಯಲ್ಲಿ ಆಸ್ತಿಯ ಬೆಲೆಗೆ ಸೇರದು. ಬಡಗಿಗೆ ಚೆಕ್ಕನ್ನೇ ಕೊಡಿ.

ಬಾಡಿಗೆ ಮಳಿಗೆಯವರು ಕರಾರು ಪತ್ರದಲ್ಲಿ ಪರದೆಗಳು ಬಾಡಿಗೆದಾರನ ಸೊತ್ತು ಎಂಬ ಒಂದು ಸಾಲನ್ನು, ಅವುಗಳ ಸಂಖ್ಯೆ ಮತ್ತು ಅಳತೆ ಸಹಿತ, ಮೊದಲೇ ಸೇರಿಸತಕ್ಕದ್ದು. ಮಳಿಗೆ ತೆರವು ಮಾಡುವ ದಿನ ಮಾಲೀಕರೊಡನೆ ವಾದ ಮಾಡುತ್ತ ನಿಲ್ಲುವುದು ತಪ್ಪುತ್ತದೆ.