‘ಪಿಎಫ್ ಕಟ್ಟಿದ್ರ ನಮಗೇನ್ ಉಳೀತೈತ್ರಿ?’

ಲಕ್ಷ್ಮೇಶ್ವರದ ಬೇಳೆ ಮಿಲ್ಲಿನವರಾಗಲಿ, ಗದಗ-ಬೆಟಗೇರಿಯ ಮುದ್ರಣಾಲಯದವರಾಗಲಿ, ಲೆಕ್ಕಪತ್ರ ನೋಡಲು ಕೂತರೆ ನನಗೆ ಕೇಳುವ ಪ್ರಶ್ನೆ ಇದೇ. 2025ರ ಆಗಸ್ಟ್ 1ರಿಂದ ಇದಕ್ಕೆ ಅಂಕಿಯಲ್ಲೇ ಉತ್ತರ ಕೊಡುತ್ತಿದ್ದೇನೆ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಜಾರಿಗೆ ಬಂದದ್ದು ಅಂದು.

15,000 ರೂಪಾಯಿ ಪಗಾರದ ಹೊಸ ನೌಕರನಿಗೆ ಮಾಲೀಕರು ಕಟ್ಟುವ ಪಿಎಫ್ ಪಾಲು ಶೇ 12, ಅಂದರೆ 1,800. ವಿಮೆ, ಆಡಳಿತ ಶುಲ್ಕ ಸೇರಿದರೆ ಸುಮಾರು 1,950. ಯೋಜನೆಯಡಿ ಮಾಲೀಕರಿಗೆ ಬರುವುದು ತಿಂಗಳಿಗೆ 2,000. ಹೊರೆ ಪೂರ್ತಿ ಇಳಿಯಿತಲ್ಲ! ಇದು ಎರಡು ವರ್ಷ. ತಯಾರಿಕಾ ಘಟಕಕ್ಕೆ ನಾಲ್ಕು ವರ್ಷ. ಆದರೆ ಸೇರಿದವರು ಕನಿಷ್ಠ ಆರು ತಿಂಗಳು ನಿಲ್ಲಬೇಕು. ಹಳಬರನ್ನು ಬಿಡಿಸಿ ಹೊಸಬರನ್ನು ತೋರಿಸಿದರೆ ನಡೆಯದು. ಈಗಾಗಲೇ ಪಿಎಫ್‌ನಲ್ಲಿರುವ ಸಂಸ್ಥೆಯ ಹಿಂದಿನ ಸರಾಸರಿಗಿಂತ, 50ಕ್ಕಿಂತ ಕಡಿಮೆ ನೌಕರರಿದ್ದರೆ ಇಬ್ಬರು, 50 ಅಥವಾ ಹೆಚ್ಚಿದ್ದರೆ ಐವರು ಜಾಸ್ತಿ ಆಗಿರಬೇಕು.

ನಮ್ಮ ಕಡೆ ತೊಡಕು ಆ ಆರು ತಿಂಗಳ ಶರತ್ತಿನಲ್ಲೇ ಇದೆ. ಹತ್ತಿ ಜಿನ್ನಿಂಗ್ ಸುಗ್ಗಿಯ ಕೆಲಸ, ಅದಕ್ಕೆ ಈ ಯೋಜನೆ ಅಷ್ಟಾಗಿ ಹೊಂದದು. ಮುದ್ರಣಾಲಯದ ಮಾತು ಬೇರೆ. ಲಗ್ನಪತ್ರಿಕೆಯ ದಿನಗಳಲ್ಲಿ ಸೇರಿಸಿಕೊಂಡ ಹುಡುಗನನ್ನು ಮಳೆಗಾಲಕ್ಕೆ ಬಿಡಿಸುವ ರೂಢಿ ನನಗೆ ಸರಿ ಕಾಣುವುದಿಲ್ಲ. ಒಂದೆರಡು ಪಗಾರ ಉಳಿದೀತು, ವರ್ಷಕ್ಕೆ ಬರಬೇಕಾದ 24,000 ಹೋಗುತ್ತದೆ, ಕಟಿಂಗ್ ಮಷಿನ್ ಮೇಲೆ ಪಳಗಿದ ಕೈಯೂ ಹೋಗುತ್ತದೆ. ಜೂನ್‌ನಲ್ಲಿ ನೋಟ್‌ಬುಕ್ ಬೈಂಡಿಂಗ್, ದೀಪಾವಳಿ ಆದಮೇಲೆ ಕ್ಯಾಲೆಂಡರ್ ಹಿಡಿದರೆ ಅವನಿಗೆ ವರ್ಷವಿಡೀ ಕೆಲಸ ಕೊಡಬಹುದು.

ಇನ್ನೊಂದು ಅನುಕೂಲ ಹಳೆಯದೇ: 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಜೆಜೆಎಎ ಕಲಮಿನಡಿ ಬಂದ ರಿಯಾಯಿತಿ. ತಿಂಗಳಿಗೆ 25,000ದೊಳಗಿನ ಪಗಾರದ ಹೆಚ್ಚುವರಿ ನೌಕರರು ವರ್ಷದಲ್ಲಿ 240 ದಿನ ದುಡಿದರೆ, ಅವರ ಪಗಾರದ ಶೇ 30ರಷ್ಟನ್ನು ಮೂರು ವರ್ಷ ಆದಾಯದಿಂದ ಕಳೆಯಬಹುದು. ಪಗಾರವನ್ನು ಖರ್ಚು ತೋರಿಸುವುದರ ಜೊತೆಗೆ ಸಿಗುವ ರಿಯಾಯಿತಿ ಇದು. 15,000 ಪಗಾರಕ್ಕೆ ವರ್ಷಕ್ಕೆ 54,000 ಕಳೆಯುತ್ತದೆ. ಪಾಲುದಾರಿಕೆ ಸಂಸ್ಥೆಗೆ ಶೇ 30ರ ದರದಲ್ಲಿ 16,200 ತೆರಿಗೆ ಉಳಿಯುತ್ತದೆ. ಲೆಕ್ಕ ಪರಿಶೋಧನೆಗೆ ಒಳಪಡುವ ಸಂಸ್ಥೆಗಳಿಗೆ ಮಾತ್ರ ಇದು. ಸಿಎ ಸಹಿಯ ವರದಿ ಬೇಕು, ನೌಕರ ಪಿಎಫ್ ಸದಸ್ಯನಾಗಿರಬೇಕು. ಶನಿವಾರ ಸಂಜೆ ಕೈಯಲ್ಲಿ ಎಣಿಸಿ ಕೊಟ್ಟ ಪಗಾರ ಇದಕ್ಕೆ ಬರುವುದಿಲ್ಲ, ಬ್ಯಾಂಕಿಗೇ ಹಾಕಬೇಕು. ಮುಂಡರಗಿ, ಶಿರಹಟ್ಟಿಯಲ್ಲಿ ಎಷ್ಟೋ ಒಳ್ಳೆಯ ಮಾಲೀಕರಿಗೆ ಈ ಲಾಭ ತಪ್ಪುತ್ತಿರುವುದು ಈ ಒಂದೇ ಕಾರಣಕ್ಕೆ.

ಹಿಂದೆಯೂ ಹೀಗೇ ಆಗಿತ್ತು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಣ್ಣ ಸಂಸ್ಥೆಗಳ ಪಿಎಫ್‌ನ ಎರಡೂ ಪಾಲು, ಶೇ 24, ಕೇಂದ್ರ ಸರ್ಕಾರವೇ ಕಟ್ಟಿತ್ತು. ಅದೂ ಪಿಎಫ್ ದಾಖಲೆ ಇದ್ದವರಿಗಷ್ಟೇ ದಕ್ಕಿತು.

ರೋಜ್‌ಗಾರ್ ಯೋಜನೆಯಡಿ ಮೊದಲ ಸಲ ಪಿಎಫ್‌ಗೆ ಸೇರುವ ನೌಕರನಿಗೂ 15,000ದವರೆಗೆ ಹಣವಿದೆ: ಮೊದಲ ಕಂತು ಆರು ತಿಂಗಳಿಗೆ, ಎರಡನೆಯದು ಹನ್ನೆರಡು ತಿಂಗಳು ದುಡಿದು ಹಣಕಾಸು ಸಾಕ್ಷರತೆಯ ಪಾಠ ಮುಗಿಸಿದ ಮೇಲೆ. ಸೇರಿದ ದಿನವೇ ಅವನಿಗೆ ಇದನ್ನು ತಿಳಿಸಿ. ಉಮಂಗ್ ಆ್ಯಪ್‌ನಲ್ಲಿ ಅವನ ಪಿಎಫ್ ಸಂಖ್ಯೆ (ಯುಎಎನ್) ಮಾಡಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ. 2027ರ ಜುಲೈ 31ರ ನಂತರ ಸೇರಿದವರಿಗೆ ಈ ಹಣವಿಲ್ಲ.