ಮೊಟ್ಟೆಯ ಚಿಪ್ಪು

ನಮ್ಮ ಅಡಿಗೆಮನೆಗೆ ಬರುವ ಕೋಳಿಮೊಟ್ಟೆಯು ಉಂಟಾಗುವ ಕ್ರಮವನ್ನು ತುಸು ವಿಚಾರಿಸೋಣ.

ಹೇಂಟೆಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯವು ಮಾತ್ರವೇ ಬೆಳೆದು ಕೆಲಸಮಾಡುವದು. ಅಲ್ಲಿ ಪಕ್ವವಾದ ಹಳದಿಯು ಅಂಡನಾಳದೊಳಗೆ ಇಳಿಯುವದು. ಸುಮಾರು 3 ಗಂಟೆಗಳಲ್ಲಿ ಅದರ ಸುತ್ತಲೂ ಬಿಳಿಯ ಲೋಳೆಯು ಕೂಡುವದು. ಬಳಿಕ ಒಂದೂಕಾಲು ಗಂಟೆಯಲ್ಲಿ ಎರಡು ತೆಳುಪೊರೆಗಳು ಆವರಿಸುವವು. ಕಡೆಗೆ ಚಿಪ್ಪು ಕಟ್ಟುವದಕ್ಕೆ ಸುಮಾರು 20 ಗಂಟೆಗಳು ಹಿಡಿಯುವವು. ಹುಂಜವಿಲ್ಲದಿದ್ದರೂ ಹೇಂಟೆಯು ಮೊಟ್ಟೆಯಿಡುವದು. ಆದರೆ ಅದರಿಂದ ಮರಿಯಾಗದು.

ಚಿಪ್ಪು ಬಹುತರವಾಗಿ ಸುಣ್ಣವೇ. ಒಂದೊಂದು ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪಿನ ಹೆಚ್ಚಿನ ಭಾಗವು ಹೇಂಟೆಯು ಮೇಯದಿರುವ ರಾತ್ರಿಯಲ್ಲಿ ಕಟ್ಟುವದು. ಆಗ ಅದು ತನ್ನ ಎಲುಬುಗಳಲ್ಲಿ ಕೂಡಿಟ್ಟ ಸುಣ್ಣದ ಅಂಶವನ್ನು ತೆಗೆದುಕೊಡುವದು. ಆಹಾರದಲ್ಲಿ ಈ ಅಂಶವು ಸಾಲದೆ ಹೋದರೆ ಚಿಪ್ಪು ತೆಳುವಾಗುವದಲ್ಲದೆ, ಎಲುಬುಗಳೂ ಸವೆದು ಮುರಿಯಬಹುದು.

ಆದಕಾರಣ ಕೋಳಿ ಸಾಕುವವರು ಕಪ್ಪೆಚಿಪ್ಪನ್ನು ಹರಳುಹರಳಾಗಿ ಕುಟ್ಟಿ ಹೇಂಟೆಯ ಮುಂದೆ ಇಡತಕ್ಕದ್ದು. ಆ ಹರಳುಗಳು ಹೊಟ್ಟೆಯಲ್ಲಿ ಮೆಲ್ಲಗೆ ಕರಗಿ ರಾತ್ರಿಗೂ ಒದಗುವವು. ತೆಳುಚಿಪ್ಪಿನ ಮೊಟ್ಟೆಯನ್ನು ಕಂಡಾಗ ಹೇಂಟೆಯನ್ನು ದೂರದೆ, ನಾವು ಅದಕ್ಕೆ ಏನು ಉಣಿಸಿದೆವೆಂದು ಮೊದಲು ಕೇಳಿಕೊಳ್ಳೋಣ.